ಅದನ್ನ ಕಾಯಿಸಲ್ವೇನ್ರಪ್ಪಾ?

ಹಿರೇನಲ್ಲೂರು, ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಡೆ ಮದುವೆ, ಗಣಪತಿ, ಜಾತ್ರೆಗಳಿಗೆ ಡಿಜೆ ಹಾಕುವ ಹುಡುಗರಿಗೆ,



ಹೋದ ಸಲ ಗಣಪತಿ ಬಿಡುವ ದಿನ ನಮ್ಮೂರಲ್ಲಿ ಮೆರವಣಿಗೆ ಹೊರಡುವುದು ಅರ್ಧ ಗಂಟೆ ತಡವಾಯಿತು. ತಮಟೆಯವರು ಒಣ ತೆಂಗಿನ ಗರಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುತ್ತಿದ್ದರು. ಬೆರಳಲ್ಲಿ ತಟ್ಟುವುದು, ಕಿವಿಗೆ ಹಿಡಿಯುವುದು, ಮುಖ ಸಿಂಡರಿಸುವುದು, ಮತ್ತೆ ಬೆಂಕಿಗೆ ಹಿಡಿಯುವುದು. ಪಕ್ಕದಲ್ಲೇ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನಿಮ್ಮ ಸೆಟ್ಟು. ಲ್ಯಾಪ್‌ಟಾಪ್ ಬಿಚ್ಚಿದಿರಿ, ವಯರ್ ಚುಚ್ಚಿದಿರಿ, ಶುರು ಹಚ್ಚಿದಿರಿ. ತಮಟೆಯ ಹಿರಿಯರೊಬ್ಬರು ನಿಮ್ಮ ಕಂಟ್ರೋಲರ್ ಕಡೆ ಕಣ್ಣು ಹಾಯಿಸಿ ಒಂದು ಮಾತು ಕೇಳಿದರು. ಜನರೇಟರ್ ಸದ್ದಿನಲ್ಲಿ ನಿಮಗೆ ಕೇಳಿಸಿರಲಿಕ್ಕಿಲ್ಲ. "ಅದನ್ನ ಕಾಯಿಸಲ್ವೇನ್ರಪ್ಪಾ?" ಅಂದರು.

ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ಹತ್ತು ನಿಮಿಷದ ಮೇಲೆ ನಿಮ್ಮಲ್ಲೊಬ್ಬ ಸ್ಕ್ರ್ಯಾಚ್ ಮಾಡತೊಡಗಿದಾಗ ಆ ಮಾತು ತಮಾಷೆಯದಲ್ಲ ಅನ್ನಿಸಿತು. ಹುಡುಗನ ಕೈ ಚೆನ್ನಾಗಿಯೇ ಓಡುತ್ತಿತ್ತು. ಎಡಗೈ ಜಾಗ್ ವೀಲ್ ಮೇಲೆ, ಬಲಗೈ ಫೇಡರ್ ಮೇಲೆ, ತಾಳವೂ ತಪ್ಪಿರಲಿಲ್ಲ. ಆದರೆ ಹೊರಗೆ ಬರುತ್ತಿದ್ದದ್ದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬೈದ ಹಾಗಿನ ಸದ್ದು. ಒಂದು ಏಟಿಗೂ ಅಂಚಿಲ್ಲ. ಟ್ರಾಲಿ ಹತ್ತಿ ಲ್ಯಾಪ್‌ಟಾಪ್ ನೋಡಿದೆ. ಕ್ರಾಸ್‌ಫೇಡರ್ ಕರ್ವ್ ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ, ಮೆತ್ತಗೆ, ಸ್ಮೂತ್ ಅಂತ ಕೂತಿತ್ತು. ಫೇಡರ್ ಕಾದಿರಲಿಲ್ಲ, ಅಷ್ಟೇ.

ಆವತ್ತಿಂದ ನಾಲ್ಕು ಜನ ಹುಡುಗರು ಬಂದು "ಮಾವ, ನನ್ನದೂ ಕಟ್ ಆಗ್ತಿಲ್ಲ, ನೋಡಿ" ಅಂದಿದ್ದೀರಿ. ಒಬ್ಬೊಬ್ಬರಿಗೂ ಹೇಳುವ ಬದಲು ಒಟ್ಟಿಗೇ ಬರೆದುಬಿಡೋಣ ಅಂತ ಈ ಕಾಗದ.

ನನ್ನ ಪರಿಚಯ ಇಲ್ಲದವರಿಗೆ: ಚಿಕ್ಕಂದಿನಲ್ಲಿ ಬೀರೂರಿನ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆ ಮನೆ ಮುಂದೆ ತೆಂಗಿನ ಮರಕ್ಕೆ ಹಾರ್ನ್ ಕಟ್ಟುವುದು, ಪೆಟ್ಟಿಗೆಯಿಂದ ಪ್ಲೇಟು ತೆಗೆದು ಹಾಕುವುದು ನನ್ನ ಕೆಲಸ. ರೆಕಾರ್ಡ್ ಅಂತ ಯಾರೂ ಅನ್ನುತ್ತಿರಲಿಲ್ಲ, ಪ್ಲೇಟು. ಒಮ್ಮೆ ಕೈಜಾರಿ ಮುಳ್ಳು ಪ್ಲೇಟಿನ ಅಡ್ಡಕ್ಕೆ ಎಳೆದು ಗೀರು ಬಿತ್ತು. ಯಜಮಾನರು ಬಿಟ್ಟ ಏಟಿಗೆ ಎರಡು ದಿನ ಕೆನ್ನೆ ಊದಿತ್ತು. ಅದಾಗಿ ಎಷ್ಟೋ ವರ್ಷದ ಮೇಲೆ ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಸೌಂಡ್ ಕೆಲಸಕ್ಕೆ ಸೇರಿದಾಗ ಗೊತ್ತಾಯಿತು, ನನಗೆ ಏಟು ತಂದುಕೊಟ್ಟ ಸದ್ದನ್ನು ಅಮೆರಿಕದಲ್ಲಿ ಬೇಕು ಬೇಕು ಅಂತಲೇ ಎಬ್ಬಿಸುತ್ತಾರೆ, ಚಪ್ಪಾಳೆಯನ್ನೂ ಗಿಟ್ಟಿಸುತ್ತಾರೆ ಅಂತ! ಈಗ ಊರಲ್ಲಿ ತೋಟ ನೋಡಿಕೊಂಡಿದ್ದೇನೆ. ಕಿವಿ ಇನ್ನೂ ನೆಟ್ಟಗಿದೆ.

ಆ ಕಥೆಯನ್ನೂ ಒಂದಿಷ್ಟು ಕೇಳಿ. ನ್ಯೂಯಾರ್ಕಿನ ಬ್ರಾಂಕ್ಸ್ ಅನ್ನುವ ಬಡ ಬಡಾವಣೆ, 1975ರ ಸುಮಾರು. ಥಿಯೋಡರ್ ಅಂತ ಒಬ್ಬ ಹುಡುಗ, ಹನ್ನೆರಡು ಹದಿಮೂರು ವಯಸ್ಸಿರಬೇಕು, ಕೋಣೆಯಲ್ಲಿ ಜೋರಾಗಿ ಪ್ಲೇಟು ಹಾಕಿದ್ದ. ಸದ್ದು ಕಡಿಮೆ ಮಾಡು ಅಂತ ಗದರಲು ಅಮ್ಮ ಬಂದರು. ಅಮ್ಮನ ಮಾತು ಮುಗಿಯುವವರೆಗೆ ಅವನು ತಿರುಗುವ ಪ್ಲೇಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸುತ್ತಿದ್ದ. ಆ ಗರ ಗರ ಅವನಿಗೆ ಹಿಡಿಸಿತು. ಮುಂದೆ ಅವನೇ ಗ್ರ್ಯಾಂಡ್ ವಿಝರ್ಡ್ ಥಿಯೋಡರ್ ಅಂತ ಹೆಸರಾದ. ಈ ಕಲೆ ಬೆಳೆಯುವುದಕ್ಕೆ ಟೆಕ್ನಿಕ್ಸ್ ಕಂಪನಿ 1972ರಲ್ಲಿ ತಂದ ಎಸ್‌ಎಲ್-1200 ಅನ್ನುವ ಟರ್ನ್‌ಟೇಬಲ್ ದೊಡ್ಡ ಅನುಕೂಲವಾಯಿತು. ಬೆಲ್ಟಿನ ಹಂಗಿಲ್ಲದೆ ಮೋಟರೇ ನೇರವಾಗಿ ತಟ್ಟೆ ತಿರುಗಿಸುವುದರಿಂದ, ಕೈಯಲ್ಲಿ ಹಿಡಿದು ಬಿಟ್ಟ ತಕ್ಷಣ ವೇಗಕ್ಕೆ ಮರಳುತ್ತದೆ. 1983ರಲ್ಲಿ ಹರ್ಬಿ ಹ್ಯಾನ್‌ಕಾಕ್ ಅವರ 'ರಾಕಿಟ್' ಬಂತು. ಅದರಲ್ಲಿ ಸ್ಕ್ರ್ಯಾಚ್ ಮಾಡಿದವನು ಗ್ರ್ಯಾಂಡ್‌ಮಿಕ್ಸರ್ ಡಿ.ಎಸ್‌ಟಿ. ಪ್ರಪಂಚದಲ್ಲಿ ಬಹಳ ಜನ ಈ ಸದ್ದನ್ನು ಮೊದಲು ಕೇಳಿದ್ದು ಆ ಹಾಡಿನಲ್ಲೇ.

ಇಷ್ಟನ್ನೂ ಹೇಳಿದ್ದು ಒಂದು ಕಾರಣಕ್ಕೆ. ಪ್ಲೇಟು ಉಜ್ಜುವ ಕೈ ಅರ್ಧ ಕೆಲಸ ಮಾಡುತ್ತದೆ. ಇನ್ನರ್ಧ ಸದ್ದನ್ನು ಮುಚ್ಚುವ ಕೈಯದು, ಅದೂ ಹೆಚ್ಚು ಕಷ್ಟದ ಅರ್ಧ. ಡೊಳ್ಳಿನವರನ್ನು ನೋಡಿ: ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ಕೋಲು ಎಬ್ಬಿಸಿದ ನಾದವನ್ನು ಎಷ್ಟು ಹೊತ್ತು ಬಿಡಬೇಕು, ಯಾವಾಗ ಅದುಮಬೇಕು ಅನ್ನುವುದು ಆ ಬರಿಗೈಯ ಲೆಕ್ಕ. ನಿಮ್ಮ ಬರಿಗೈ ಕ್ರಾಸ್‌ಫೇಡರ್.

ಇನ್ನು ವಿಷಯಕ್ಕೆ. ಫೇಡರ್ ಎಡದ ಕೊನೆಯಲ್ಲಿದ್ದರೆ ಎಡ ಡೆಕ್ ಮಾತ್ರ, ಬಲಕ್ಕೆ ತಳ್ಳಿದರೆ ಬಲ ಡೆಕ್ ಮಾತ್ರ. ನಡುವೆ ಎಷ್ಟು ಸರಿಸಿದರೆ ಎಷ್ಟು ಸದ್ದು ತೆರೆಯಬೇಕು ಅನ್ನುವ ಲೆಕ್ಕಕ್ಕೇ ಕರ್ವ್ ಅನ್ನುವುದು. ಕೆರೆಯ ತೂಬನ್ನು ಎತ್ತಿದಷ್ಟೂ ನೀರು ಹೆಚ್ಚುತ್ತದೆ. ಮನೆಯ ಲೈಟ್ ಸ್ವಿಚ್ ಹಾಗಲ್ಲ, ಒಂದು ಕೂದಲೆಳೆ ಆಚೆಗೆ ಒತ್ತಿದರೆ ಪೂರ್ತಿ ಬೆಳಕು. ಒಂದು ಹಾಡಿನಿಂದ ಇನ್ನೊಂದಕ್ಕೆ ಜನಕ್ಕೆ ಗೊತ್ತಾಗದ ಹಾಗೆ ಜಾರಲು ತೂಬು ಬೇಕು. ಸ್ಕ್ರ್ಯಾಚ್‌ಗೆ ಸ್ವಿಚ್ಚೇ ಬೇಕು.

ಲೆಕ್ಕ ಹಾಕಿದರೆ ನಂಬಿಕೆ ಬರುತ್ತದೆ. ಸಾಮಾನ್ಯವಾಗಿ ಕ್ರಾಸ್‌ಫೇಡರ್ ಓಡಾಡುವ ಉದ್ದ 45 ಮಿಲಿಮೀಟರ್. ಕರ್ವ್ ಲೀನಿಯರ್ ಇದ್ದು, ನೀವು ಬೆರಳ ತುದಿಯಲ್ಲಿ ಅದನ್ನು 2 ಮಿಲಿಮೀಟರ್ ತೆರೆದಿರಿ ಅಂತಿಟ್ಟುಕೊಳ್ಳಿ. ಹೊರಗೆ ಬರುವ ಸಿಗ್ನಲ್ ಪೂರ್ತಿಯ ಇಪ್ಪತ್ತೆರಡನೇ ಒಂದು ಪಾಲು. ಡೆಸಿಬೆಲ್ ಲೆಕ್ಕದಲ್ಲಿ 27ರಷ್ಟು ಕೆಳಗೆ. ಕಾನ್‌ಸ್ಟೆಂಟ್ ಪವರ್ ಅನ್ನುವ ಕರ್ವ್ ಇದ್ದರೆ ಸುಮಾರು 23 ಕೆಳಗೆ, ಅದೂ ಅಷ್ಟರಲ್ಲೇ ಇದೆ. ಪಕ್ಕದ ಡೆಕ್‌ನಲ್ಲಿ ಬೇಸ್ ಗುದ್ದುತ್ತಿರುವಾಗ ಇದು ಯಾರ ಕಿವಿಗೂ ಬೀಳುವುದಿಲ್ಲ. ಬೀಳಿಸಬೇಕು ಅಂತ ನೀವು ಫೇಡರನ್ನು ನಡುವಿನವರೆಗೆ, 20 ಮಿಲಿಮೀಟರ್ ಎಳೆಯುತ್ತೀರಿ. ಬೆರಳಿನ ಕೆಲಸ ಮೊಣಕೈಗೆ ಬರುತ್ತದೆ. ನಮ್ಮ ಮೆರವಣಿಗೆಯ ಬೀಟು ನಿಮಿಷಕ್ಕೆ 130 ಏಟಿನದು ಅಂದರೆ ಒಂದು ಏಟಿನ ಕಾಲು ಭಾಗ 115 ಮಿಲಿಸೆಕೆಂಡ್. ಅಷ್ಟರೊಳಗೆ ತೆರೆದು ಮುಚ್ಚಿ ಆಗಬೇಕು. ಮೊಣಕೈಯಿಂದ ಆಗುವ ಮಾತೇ ಅಲ್ಲ. ಅದೇ ಕರ್ವನ್ನು ಕಟ್ ಕಡೆಗೆ ತಿರುಗಿಸಿದರೆ ಮೊದಲ ಒಂದೂವರೆ ಮಿಲಿಮೀಟರಿನಲ್ಲೇ ಸದ್ದು ಪೂರ್ತಿ ಬಂದುಬಿಡುತ್ತದೆ. ಕೈ ಬದಲಾಗಿಲ್ಲ, ಅಭ್ಯಾಸ ಹೆಚ್ಚಾಗಿಲ್ಲ, ಆದರೂ ಏಟಿಗೆ ಅಂಚು ಬಂತು.

ಎಲ್ಲಿ ತಿರುಗಿಸಬೇಕು? ಮಿಕ್ಸ್ (ಎಕ್ಸ್ ಮೂರು ಸಲ ಬರೆಯುವುದು) ಪುಗಸಟ್ಟೆ ಸಿಗುವ ಸಾಫ್ಟ್‌ವೇರ್, ಕದಿಯಬೇಕಾದ ಅಗತ್ಯವೇ ಇಲ್ಲ. ಅದರ ಪ್ರಿಫರೆನ್ಸಸ್‌ನಲ್ಲಿ ಕ್ರಾಸ್‌ಫೇಡರ್ ಅನ್ನುವ ಕಡೆ ಸ್ಲೋ ಫೇಡ್–ಫಾಸ್ಟ್ ಕಟ್ ಆರಿಸಿ, ಕೆಳಗಿನ ಸ್ಲೈಡರನ್ನು ಕಟ್ ಕಡೆಗೆ ತಳ್ಳಿ. ಪಕ್ಕದಲ್ಲೇ ಗೆರೆಯ ಚಿತ್ರ ಬದಲಾಗುವುದು ಕಾಣುತ್ತದೆ. ಗುಡ್ಡದ ಇಳಿಜಾರಿನ ಹಾಗಿದ್ದದ್ದು ಗೋಡೆಯ ಹಾಗಾಗಬೇಕು. ವರ್ಚುವಲ್ ಡಿಜೆಯ ಸೆಟ್ಟಿಂಗ್ಸ್‌ನಲ್ಲಿ ಕ್ರಾಸ್‌ಫೇಡರ್ ಕರ್ವ್ ಅಂತ ಹುಡುಕಿದರೆ ಸ್ಮೂತ್, ಫುಲ್, ಸ್ಕ್ರ್ಯಾಚ್, ಕಟ್ ಅಂತ ಬರುತ್ತವೆ. ಸ್ಕ್ರ್ಯಾಚ್‌ನಿಂದ ಶುರು ಮಾಡಿ. ಸೆರಾಟೊದ ಸೆಟಪ್ಪಿನಲ್ಲೂ ರೆಕಾರ್ಡ್‌ಬಾಕ್ಸ್‌ನ ಪ್ರಿಫರೆನ್ಸಸ್‌ನಲ್ಲೂ ಮಿಕ್ಸರ್ ಪುಟವಿದೆ, ಅಲ್ಲೇ ಹುಡುಕಿ. ಕೆಲವು ಕಂಟ್ರೋಲರ್‌ಗಳಲ್ಲಿ ಇದಕ್ಕೆಂದೇ ಪುಟ್ಟ ಗುಂಡಿಯೊಂದು ಮುಂಭಾಗದಲ್ಲಿ, ಹೆಡ್‌ಫೋನ್ ತೂತಿನ ಪಕ್ಕ ಇರುತ್ತದೆ. ಎರಡು ವರ್ಷ ಸೆಟ್ ಇಟ್ಟುಕೊಂಡ ಹುಡುಗನೊಬ್ಬ ಆ ಗುಂಡಿ ಇರುವುದನ್ನೇ ನೋಡಿರಲಿಲ್ಲ. ಅದರ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿತ್ತು!

ಒಂದು ಎಚ್ಚರ. ಸದ್ದು ಬೆರೆಯುವುದು ಲ್ಯಾಪ್‌ಟಾಪಿನ ಒಳಗೋ ಹೊರಗಿನ ಮಿಕ್ಸರಿನ ಒಳಗೋ ಅಂತ ಮೊದಲು ತಿಳಿದುಕೊಳ್ಳಿ. ಒಂದೊಂದು ಡೆಕ್‌ಗೂ ಬೇರೆ ಬೇರೆ ವಯರ್ ಎಳೆದು ಮಿಕ್ಸರಿಗೆ ಕೊಟ್ಟಿದ್ದರೆ ಸಾಫ್ಟ್‌ವೇರಿನ ಕರ್ವ್ ಏನು ತಿರುಗಿಸಿದರೂ ಪ್ರಯೋಜನವಿಲ್ಲ, ಮಿಕ್ಸರಿನಲ್ಲೇ ತಿರುಗಿಸಬೇಕು. ಬೀಗ ಇರುವುದು ಹಿಂಬಾಗಿಲಿಗೆ, ನೀವು ಮುಂಬಾಗಿಲಲ್ಲಿ ಕೀಲಿಕೈ ಆಡಿಸಿದ ಹಾಗಾಗುತ್ತದೆ.

ಹಾಗಂತ ಪೂರ್ತಿ ಕೊನೆಗೇ ತಿರುಗಿಸಿಬಿಡಬೇಡಿ. ಇಲ್ಲಿ ಬಹಳ ಜನ ಎಡವುತ್ತೀರಿ. ಅಗ್ಗದ ಕಂಟ್ರೋಲರ್‌ಗಳು ಫೇಡರ್ ಎಲ್ಲಿದೆ ಅನ್ನುವುದನ್ನು ಕಂಪ್ಯೂಟರಿಗೆ 0ಯಿಂದ 127ರವರೆಗಿನ ಅಂಕಿಗಳಲ್ಲಿ ಹೇಳುತ್ತವೆ. 45 ಮಿಲಿಮೀಟರನ್ನು ಅಷ್ಟು ಮೆಟ್ಟಿಲು ಮಾಡಿದರೆ ಒಂದು ಮೆಟ್ಟಿಲು ಸುಮಾರು 0.35 ಮಿಲಿಮೀಟರ್. ಒಂದೂವರೆ ಮಿಲಿಮೀಟರಿನಲ್ಲಿ ತೆರೆಯುವ ಕರ್ವ್ ಅಂದರೆ ನಾಲ್ಕು ಮೆಟ್ಟಿಲು ಸಿಕ್ಕಿತು, ಸಾಕು. ಇನ್ನೂ ಕಡಿದು ಮಾಡಿದರೆ ಒಂದೇ ಮೆಟ್ಟಿಲು ಉಳಿಯುತ್ತದೆ. ಆಗ ಫೇಡರ್ ಕೊನೆ ಮುಟ್ಟಿದ್ದರೂ ಒಳಗಿನ ಧೂಳಿನಿಂದಲೋ ಸವೆತದಿಂದಲೋ ಸೊನ್ನೆಯ ಬದಲು ಒಂದು ಅಂತ ಕಳಿಸಿದರೆ ಮುಚ್ಚಿದ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಹಾಡಿನ ಮಧ್ಯೆ ಎಲ್ಲಿಂದಲೋ ಚೀರ್ ಅನ್ನುವುದು ಇದೇ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಕಟ್ ಲ್ಯಾಗ್ ಅಂತ ಒಂದಿದೆ: ಕೊನೆಯಿಂದ ಇಷ್ಟು ದೂರದವರೆಗೆ ಸತ್ತ ಜಾಗ, ಸದ್ದು ಬೇಡ ಅಂತ ಹೇಳುವುದು. ಹಳೇ ಫೇಡರಿಗೆ ಅದನ್ನು ಸ್ವಲ್ಪ ಹೆಚ್ಚಿಸಿ, ಹೊಸದಕ್ಕೆ ಕಡಿಮೆ ಇಡಿ. ನನ್ನ ಪದ್ಧತಿ ಇಷ್ಟು: ಡೆಕ್‌ನಲ್ಲಿ ಎಡೆಬಿಡದ ಒಂದು 'ಆ' ಹಾಕಿ ಫೇಡರನ್ನು ಮುಚ್ಚಿ, ಬೆರಳಲ್ಲಿ ಅದರ ಗುಂಡಿಯ ನೆತ್ತಿಯನ್ನು ಅಲ್ಲಾಡಿಸುತ್ತೇನೆ. ಸದ್ದು ಸೋರಿದರೆ ಸತ್ತ ಜಾಗ ಒಂದು ಕೂದಲು ಹೆಚ್ಚು. ಸೋರದೆ ಹೋದರೆ ಒಂದು ಕೂದಲು ಕಡಿಮೆ. ಹೀಗೆ ಸೋರುವುದಕ್ಕೂ ಸೋರದಿರುವುದಕ್ಕೂ ನಡುವಿನ ಗಡಿ ಸಿಕ್ಕಿದ ಕಡೆ ನಿಲ್ಲಿಸುತ್ತೇನೆ. ತಟ್ಟುವುದು, ಕೇಳುವುದು, ಮತ್ತೆ ಬೆಂಕಿಗೆ ಹಿಡಿಯುವುದು. ತಮಟೆಯ ಹಿರಿಯರು ಕೇಳಿದ್ದು ಇದನ್ನೇ. (ಈಗಿನ ತಮಟೆಗಳಲ್ಲಿ ಎಷ್ಟೋ ಪ್ಲಾಸ್ಟಿಕ್ ಹಾಳೆಯವು, ಕಾಯಿಸುವ ಗೊಡವೆ ಇಲ್ಲ. ಅವರದು ಇನ್ನೂ ಚರ್ಮದ್ದು.)

ಧೂಳಿನ ಮಾತು ಬಂತಲ್ಲ. ಫೇಡರಿನ ಪರಮ ವೈರಿ ನಮ್ಮ ಬಯಲುಸೀಮೆ. ಅಂತರಘಟ್ಟೆ ಜಾತ್ರೆಯಲ್ಲಿ ಗಾಡಿಗಳು ಎಬ್ಬಿಸುವ ಧೂಳಿನ ಮಧ್ಯೆ ಮುಚ್ಚಳ ಇಲ್ಲದ ಕಂಟ್ರೋಲರ್ ಇಟ್ಟವರನ್ನು ನೋಡಿದ್ದೇನೆ. ಅದರ ಮೇಲೆ ಭಂಡಾರ, ಕುಂಕುಮ, ಗಣಪತಿಯ ಬಣ್ಣದ ಪುಡಿ. ಮಾಮೂಲಿ ಫೇಡರಿನಲ್ಲಿ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜಿಕೊಂಡು ಓಡಾಡುತ್ತದೆ. ಪುಡಿ ಒಳಗೆ ಹೋದರೆ ಅದು ಉಪ್ಪುಕಾಗದ. ರೇನ್ ಕಂಪನಿ 2001ರಲ್ಲಿ ಟಿಟಿಎಂ-56 ಮಿಕ್ಸರಿನಲ್ಲಿ ಅಯಸ್ಕಾಂತದ ಫೇಡರ್ ತಂದಿತು. ಮುಟ್ಟದೆ ಅಳೆಯುವುದರಿಂದ ಸವೆಯುವ ಮಾತಿಲ್ಲ. ಈಗ ಅಂಥವು ಹಲವಾರಿವೆ, ಬೆಲೆ ಮಾತ್ರ ಬಾಡಿಗೆ ಸೆಟ್ಟಿನ ಹುಡುಗರಿಗೆ ಹೊರೆ. ಅದಿಲ್ಲದಿದ್ದರೆ ಬಟ್ಟೆ ಮುಚ್ಚಿ, ಕೆಲಸ ಮುಗಿದ ಮೇಲೆ ಬ್ರಷ್ ಆಡಿಸಿ. ಬಾಗಿಲ ಕೀಲಿಗೂ ಸೈಕಲ್ ಚೈನಿಗೂ ಹೊಡೆಯುವ ಎಣ್ಣೆ ಸ್ಪ್ರೇ ಮಾತ್ರ ದಯವಿಟ್ಟು ಹೊಡೆಯಬೇಡಿ. ಎರಡು ದಿನ ನುಣ್ಣಗೆ ಓಡುತ್ತದೆ, ಮೂರನೇ ದಿನದಿಂದ ಧೂಳೆಲ್ಲ ಅಲ್ಲೇ ಅಂಟಿ ಕೆಸರಾಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಅಂತಲೇ ಕೇಳಿ.

ಕರ್ವ್ ಸರಿ ಮಾಡಿದ ಮೇಲೂ "ಸದ್ದು ಕೈಯ ಹಿಂದೆ ಬರ್ತದೆ ಮಾವ" ಅಂದ ಹುಡುಗ ಒಬ್ಬನಿದ್ದಾನೆ. ಅವನಿಗೆ ಬಫರ್ ಲೆಕ್ಕ. ಸೆಕೆಂಡಿಗೆ 44,100 ತುಣುಕಿನಂತೆ ಸದ್ದು ಹರಿಯುವಾಗ, ಬಫರ್ 1024 ಇಟ್ಟಿದ್ದರೆ ಅಷ್ಟು ತುಂಬುವುದಕ್ಕೇ 23 ಮಿಲಿಸೆಕೆಂಡ್. 256ಕ್ಕೆ ಇಳಿಸಿದರೆ 6ಕ್ಕಿಂತ ಕಡಿಮೆ. ಇಳಿಸಿದಾಗ ಪಟ ಪಟ ಅಂತ ಸಿಡಿದರೆ ಲ್ಯಾಪ್‌ಟಾಪಿಗೆ ತಡೆಯುತ್ತಿಲ್ಲ ಅಂತ ಅರ್ಥ. ಬ್ಯಾಟರಿ ಉಳಿಸುವ ಮೋಡ್ ತೆಗೆಯಿರಿ, ವೈಫೈ ಮುಚ್ಚಿ, ಆಮೇಲೂ ಸಿಡಿದರೆ 512ಕ್ಕೆ ಬನ್ನಿ.

ಆದರೆ ಅವನ ತೊಂದರೆಯ ಹೆಚ್ಚಿನ ಪಾಲು ಲ್ಯಾಪ್‌ಟಾಪಿನಲ್ಲಿರಲಿಲ್ಲ. ಸದ್ದು ಗಾಳಿಯಲ್ಲಿ ಒಂದು ಮೀಟರ್ ಹೋಗುವುದಕ್ಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಇವನು ಕೂತಿದ್ದದ್ದು ಒಂದು ಟ್ರಾಲಿಯಲ್ಲಿ, ಟಾಪ್ ಸ್ಪೀಕರ್‌ಗಳು ಮುಂದಿನ ಗಾಡಿಯಲ್ಲಿ, ಹತ್ತು ಮೀಟರ್ ದೂರ. ಅಲ್ಲಿಗೇ 29 ಮಿಲಿಸೆಕೆಂಡ್ ತಡ. ಮೇಲಾಗಿ ಟಾಪ್‌ಗಳ ಮುಖ ಜನರ ಕಡೆಗೆ. ಸ್ಕ್ರ್ಯಾಚಿನ ಚೂಪು ಸದ್ದೆಲ್ಲ ಮುಂದೆ ಹೋಗುತ್ತದೆ, ಹಿಂದೆ ಕೂತವನಿಗೆ ಉಳಿಯುವುದು ಬೇಸಿನ ಗುಮ್ಮು. ತನ್ನ ಕೈಯ ಕೆಲಸ ತನಗೇ ಕೇಳದೆ ಅವನು ತಾಳ ಹಿಡಿಯುವುದು ಎಲ್ಲಿಂದ? ಮೊಣಕಾಲ ಹತ್ತಿರ ಒಂದು ಸಣ್ಣ ಮಾನಿಟರ್ ಇಟ್ಟುಕೊಳ್ಳಿ, ಇಲ್ಲವೇ ಹೆಡ್‌ಫೋನಿನ ಒಂದು ಬಟ್ಟಲು ಕಿವಿಯಲ್ಲಿರಲಿ. ನಿಮ್ಮಲ್ಲಿ ಬೇಸ್ ಬಾಕ್ಸಿಗೆ ಲಕ್ಷ ಸುರಿದವರಿದ್ದೀರಿ, ಒಂದು ಮಾನಿಟರಿಗೆ ಖರ್ಚು ಮಾಡಿದವರನ್ನು ನಾನಿನ್ನೂ ನೋಡಿಲ್ಲ.

ಇನ್ನೆರಡು ಸಣ್ಣ ವಿಷಯ. ಸ್ಕ್ರ್ಯಾಚ್ ಮಾಡುವ ಡೆಕ್‌ನಲ್ಲಿ ಕೀ ಲಾಕ್ ತೆಗೆದುಬಿಡಿ. ಅದು ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹೆಣಗುತ್ತದೆ, ನಿಮಗೆ ಬೇಕಾದದ್ದು ಶ್ರುತಿ ಏರಿಳಿಯುವುದೇ. ಎರಡನೆಯದು ಎಕೋ. "ಹಲೋ ಹಲೋ ಮೈಕ್ ಟೆಸ್ಟಿಂಗ್" ಕಾಲದಿಂದಲೂ ನಮ್ಮ ಕಡೆಯವರಿಗೆ ಎಕೋ ಅಂದರೆ ಪ್ರಾಣ, ನನಗೂ ಇತ್ತು. ಆದರೆ ನೀವು ಫೇಡರಿನಲ್ಲಿ ಕತ್ತರಿಸಿದ ಜಾಗವನ್ನು ಎಕೋ ಮತ್ತೆ ತುಂಬಿಸುತ್ತದೆ. ಕೊಯ್ದ ಗದ್ದೆಗೆ ಕಳೆ ಬಂದ ಹಾಗೆ.

ಅಭ್ಯಾಸಕ್ಕೆ ಕೂತಾಗ ಮೊದಲ ವಾರ ಫೇಡರ್ ಮುಟ್ಟಬೇಡಿ. ಬರೀ ಹಿಂದೆ ಮುಂದೆ, ಅದಕ್ಕೆ ಬೇಬಿ ಅನ್ನುತ್ತಾರೆ. ಆಮೇಲೆ ಚಿರ್ಪ್: ಮುಂದೆ ತಳ್ಳುತ್ತಿದ್ದಂತೆ ಮುಚ್ಚುವುದು, ಹಿಂದೆ ಎಳೆಯುವಾಗ ತೆರೆಯುವುದು, ಗುಬ್ಬಿ ಚಿಲಿಪಿಲಿಯ ಹಾಗೆ ಬರುತ್ತದೆ. ಟ್ರಾನ್ಸ್‌ಫಾರ್ಮರ್‌ನಲ್ಲಿ ಸದ್ದನ್ನು ನಿಧಾನ ಎಳೆಯುತ್ತ ಫೇಡರನ್ನು ಟಕ ಟಕ ತೆರೆಯುವುದು. ಫ್ಲೇರ್‌ನಲ್ಲಿ ಲೆಕ್ಕ ತಿರುಗುಮುರುಗು: ಬಾಗಿಲು ತೆರೆದೇ ಇರುತ್ತದೆ, ನೀವು ನಡುನಡುವೆ ಮುಚ್ಚಿ ಬಿಡುತ್ತೀರಿ. ಕ್ರ್ಯಾಬ್ ಅಂತ ಒಂದಿದೆ, ಸ್ಯಾನ್ ಫ್ರಾನ್ಸಿಸ್ಕೊದ ಡಿಜೆ ಕ್ಯೂಬರ್ಟ್ ಅದಕ್ಕೆ ಹೆಸರುವಾಸಿ. ಫಿಲಿಪೀನ್ಸ್ ಮೂಲದ ಮನೆಯವನು. ನಾಲ್ಕು ಬೆರಳು ಒಂದರ ಹಿಂದೆ ಒಂದು ಫೇಡರನ್ನು ಹೆಬ್ಬೆರಳಿಗೆ ಬಡಿದು ಜಾರುತ್ತವೆ, ಅರೆಕ್ಷಣದಲ್ಲಿ ನಾಲ್ಕು ಸಲ ತೆರೆ ಮುಚ್ಚು. ಒಂದೊಂದು ಬೆರಳಿಗೂ ಸಿಗುವುದು ಒಂದೆರಡು ಮಿಲಿಮೀಟರ್ ಓಡಾಟ. ಸ್ಮೂತ್ ಕರ್ವಿನಲ್ಲಿ ಕ್ರ್ಯಾಬ್ ಮಾಡಲು ಕ್ಯೂಬರ್ಟ್‌ಗೂ ಆಗುವುದಿಲ್ಲ. ಎಡಗೈ ಹುಡುಗರಿಗೆ, ಅಥವಾ ಬಾಗಿಲು ಉಲ್ಟಾ ಅನ್ನಿಸುವವರಿಗೆ, ಹ್ಯಾಮ್‌ಸ್ಟರ್ ಅಥವಾ ರಿವರ್ಸ್ ಅನ್ನುವ ಆಯ್ಕೆ ಇದೆ. ನಾಚಿಕೆ ಪಡದೆ ಹಾಕಿಕೊಳ್ಳಿ.

ಸ್ಕ್ರ್ಯಾಚ್ ಮಾಡುವ ಸದ್ದಿನ ಬಗ್ಗೆ ನನ್ನದೊಂದು ತಕರಾರಿದೆ. ಅದೇ ಅಮೆರಿಕದ 'ಫ್ರೆಶ್', ಅದೇ 'ಆಹ್' ಎಷ್ಟು ದಿನ? ನಮ್ಮ ತಾಲ್ಲೂಕುಗಳು ವೀರಗಾಸೆಯ ಸೀಮೆ. ಒಡಪು ಹೇಳುವವರು ಉಸಿರು ಎಳೆದು ಎತ್ತುವ ಆ ಕೂಗಿನಲ್ಲಿ ಸ್ಕ್ರ್ಯಾಚ್‌ಗೆ ಬೇಕಾದದ್ದೆಲ್ಲ ಇದೆ: ಗಟ್ಟಿ ಶುರು, ಉದ್ದ ಸ್ವರ. ಸಂಬಾಳದ ಒಂದು ಏಟು, ಚೌಕದಲ್ಲಿ ಅಡಿಕೆ ಕೂಗುವವನ ಒಂದು ಮಾತು, ಬೀರೂರು ಜಂಕ್ಷನ್ನಿನ ರೈಲಿನ ಸೀಟಿ, ಯಾವುದೂ ಆದೀತು. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ, ಕಲಾವಿದರಿಗೆ ಕೈಗೆ ದುಡ್ಡು ಕೊಡಿ. ದೇವರ ಹೆಸರನ್ನು ಮಾತ್ರ ಹಿಂದೆ ಮುಂದೆ ಉಜ್ಜಬೇಡಿ. ಅದರಿಂದ ಜಗಳ ಹತ್ತಿದ ಒಂದು ಮದುವೆಗೆ ನಾನು ಸಾಕ್ಷಿ, ಬೀಗರೂಟ ಅರ್ಧಕ್ಕೆ ನಿಂತಿತು.

ಕೊನೆಗೆ ವಾಲ್ಯೂಮಿನ ಮಾತು. ಬಯ್ಯುತ್ತಾನೆ ಅಂದುಕೊಂಡು ಕಾಗದ ಮಡಚಬೇಡಿ. ಡಿಜೆಗೆ ನಿಷೇಧ ಅಂತ ಹಬ್ಬಕ್ಕೆ ಮುಂಚೆ ಆದೇಶ ಹೊರಡಿಸುವುದು ಈಗೀಗ ಎಷ್ಟೋ ಜಿಲ್ಲೆಗಳಲ್ಲಿ ಮಾಮೂಲಾಗಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ಜನವಸತಿಗೆ ಹಗಲು 55, ರಾತ್ರಿ 45 ಡೆಸಿಬೆಲ್ ಅಂತಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೈಕ್ ಕೂಡದು. ಆ ಅಂಕಿಗೆ ನಮ್ಮ ತಮಟೆಯೂ ನಿಲ್ಲುವುದಿಲ್ಲ ಅನ್ನುತ್ತೀರಿ, ನಿಜ. ಆದರೆ ನಿಮಗೇ ಲಾಭವಾಗುವ ಒಂದು ವಿಷಯ ಹೇಳುತ್ತೇನೆ. ಆಂಪ್ಲಿಯ ಕೆಂಪು ದೀಪ ಹತ್ತಿಕೊಂಡೇ ಇರುವಾಗ ಲಿಮಿಟರ್ ಎಲ್ಲವನ್ನೂ ಅದುಮಿ ಒಂದೇ ಮಟ್ಟಕ್ಕೆ ತರುತ್ತದೆ. ನೀವು ಒಂದೂವರೆ ಮಿಲಿಮೀಟರಿನಲ್ಲಿ ಕಡೆದ ಅಂಚೆಲ್ಲ ಅಲ್ಲಿ ಕರಗಿ ಹೋಗುತ್ತದೆ. ಸ್ಕ್ರ್ಯಾಚ್ ಬರುವಾಗ ಬೀಟಿನ ಡೆಕ್ಕನ್ನು ಮೂರು ನಾಲ್ಕು ಡೆಸಿಬೆಲ್ ಇಳಿಸಿ ನೋಡಿ. ಅದಕ್ಕೇ ಹೋದ ಸಲ ಟ್ರಾಲಿ ಹತ್ತಿದ ನಾನು ಕರ್ವ್ ತಿರುಗಿಸಿ ಸುಮ್ಮನಿರದೆ ಮಾಸ್ಟರನ್ನೂ ಒಂದಿಷ್ಟು ಇಳಿಸಿದೆ. ಹುಡುಗ ಕಣ್ಣು ಬಿಟ್ಟ. ಮುಂದಿನ ನಾಲ್ಕು ಏಟಿಗೆ ತಮಟೆಯವರು ತಿರುಗಿ ನೋಡಿದರು. ಐದನೆಯದಕ್ಕೆ ಅವರಲ್ಲೊಬ್ಬರು ಉತ್ತರ ಕೊಟ್ಟರು, ಹುಡುಗ ಮತ್ತೆ ಕೇಳಿದ, ಅವರು ಮತ್ತೆ ಕೊಟ್ಟರು. ಬಸ್‌ಸ್ಟ್ಯಾಂಡ್ ಹತ್ತಿರ ಐದು ನಿಮಿಷ ಮೆರವಣಿಗೆ ಮುಂದೆ ಹೋಗಲೇ ಇಲ್ಲ.

ಭಾನುವಾರ ಮಧ್ಯಾಹ್ನ ನಾನು ತೋಟದ ಮನೆಯಲ್ಲಿರುತ್ತೇನೆ. ಲ್ಯಾಪ್‌ಟಾಪು, ಕಂಟ್ರೋಲರ್ ತನ್ನಿ. ಟಾಪು ಬೇಸು ಬೇಡ, ನನ್ನ ಹತ್ತಿರ ಎರಡು ಪುಟ್ಟ ಸ್ಪೀಕರ್ ಇವೆ. ತಮಟೆಯ ಹಿರಿಯರಿಗೂ ಹೇಳಿದ್ದೇನೆ, ಬರುತ್ತಾರೆ. ಐದು ಗಂಟೆಗೆ ಮಾತ್ರ ನಿಲ್ಲಿಸಬೇಕು, ಎಮ್ಮೆ ಹಾಲು ಕರೆಯುವ ಹೊತ್ತು. ಸದ್ದಾದರೆ ಸೊರ ಬಿಡುವುದಿಲ್ಲ.

ಇತಿ ನಿಮ್ಮ,
ಹಿರೇನಲ್ಲೂರಿನ ಹಳೇ ಮೈಕ್‌ಸೆಟ್ ಮಾವ